ತಾಂತ್ರಿಕ ಕಾರಣ

ನಾಲ್ಕಾಣೆಯ ಟಿಕೆಟ್ ಪುಸ್ತಕದ ಮೇಲೆ
ಇಪ್ಪತ್ತೈದು ಪೈಸೆಯ ಮೊಹರು ಒತ್ತಿದವಳು ನಾನೇ.
ಶನಿವಾರ ಮಧ್ಯಾಹ್ನ ಎರಡಕ್ಕೆ
ಪುರಸಭೆಯ ಮುಂದಿನಿಂದ ವ್ಯಾನು.
ಮಡಿಕೇರಿಯವರು ತಮ್ಮ ಕರೆಂಟನ್ನು
ತಾವೇ ನೋಡಿಕೊಂಡು ಬರಲಿ ಎಂದು
ಅಧ್ಯಕ್ಷರು ಮಾಡಿಸಿದ ಠರಾವು.

ಬೇಸಿಗೆಯಲ್ಲಿ ಬೆಳ್ಳಕೊಲ್ಲಿ ನೂಲಿನಷ್ಟು.
ಯಂತ್ರ ನಾಲ್ಕು ಸುತ್ತು ತಿರುಗಿ ಸುಸ್ತು,
ನೋಡಲು ಹೋದವರಿಗೆ ಬಾವಲಿ ಮಾತ್ರ.
ಕಕ್ಕಡದಲ್ಲಿ ಹಾಗಲ್ಲ.
ಅಣೆಕಟ್ಟಿನ ತುಟಿ ಮೀರಿದ ನೀರಿನ ಎದುರು
ಆಡಿದ ಮಾತು ಬಾಯಲ್ಲೇ ಉಳಿದು
ವಕೀಲರೂ ಕೈಸನ್ನೆ ಮಾಡುತ್ತಿದ್ದರು.

ಫಿಟ್ಟರ್ ಕುಞ್ಞಂಬು ಮುಂದೆ, ನಾನು ಹಿಂದೆ.
ನನ್ನ ಕೆಲಸ ತಲೆ ಎಣಿಸುವುದು:
ಒಳಗೆ ಹೋದವರು ಮೂವತ್ತೊಂದಾದರೆ
ಹೊರಗೆ ಬರುವವರೂ ಮೂವತ್ತೊಂದು.
ಜಿಗಣೆ ಲೆಕ್ಕಕ್ಕಿಲ್ಲ.
ಹನ್ನೊಂದು ವರ್ಷ ಕೇಳಿದ್ದೇನೆ
ಅವನ ಕಣ್ಣೂರಿನ ಕನ್ನಡದಲ್ಲಿ—
ನೀರು ಬೀಳ್ತದೆ, ಚಕ್ರ ತಿರುಗ್ತದೆ,
ತಿರುಗಿದ್ದು ತಂತಿ ಹತ್ತಿ ಊರಿಗೆ ಹೋಗ್ತದೆ.
ಬೀಳುವುದು ಅರ್ಥವಾಗಿತ್ತು. ತಿರುಗುವುದೂ.
ಹತ್ತಿ ಹೋಗುವುದು
ಆ ಮನೆಗೆ ಬೀಗ ಬಿದ್ದ ಇಷ್ಟು ವರ್ಷಕ್ಕೂ ಇಲ್ಲ.

ಕೊನೆಗೆ ಒಂದು ಮಗುವನ್ನು ಕರೆಯುತ್ತಿದ್ದ.
ಹಿತ್ತಾಳೆ ತಲೆಯ ಒಂದು ಹಿಡಿಕೆ.
ಕೆಳಗೆಳೆದು, ಒಂದು ಎಂದು ಎಣಿಸಿ, ಬಿಡಬೇಕು.
ನಿಯಮದಲ್ಲಿ ಇಲ್ಲದ್ದು.
ಅತ್ತ ಊರಿನಲ್ಲಿ, ಮಂಜಿಗೆ ಹಗಲೇ ಹೊತ್ತಿಸಿದ ಬಲ್ಬುಗಳೆಲ್ಲ
ಒಮ್ಮೆ ರೆಪ್ಪೆ ಬಡಿಯುತ್ತಿದ್ದವು.
ಯಾವುದೋ ಅಡುಗೆಮನೆಯಲ್ಲಿ ಒಬ್ಬಳು ತಾಯಿ
ಕಡುಂಬುಟ್ಟಿನ ಮುಚ್ಚಳ ಹಿಡಿದೇ ತಲೆಯೆತ್ತಿ
ಹುಡುಗ ತಲುಪಿದ, ಎನ್ನುತ್ತಿದ್ದಳು.

ದೂರು ಬರುತ್ತಿತ್ತು. ಅಚ್ಚುಕೂಟದಿಂದ, ಟಾಕೀಸಿನಿಂದ,
ಕ್ಷೌರದಂಗಡಿಯಿಂದ ಪ್ರತಿವಾರ ಒಂದು ಕಾರ್ಡು:
ಕತ್ತಿ ಕೆನ್ನೆಯ ಮೇಲಿರುವಾಗಲೇ ಯಾಕೆ ಸ್ವಾಮಿ?
ಉತ್ತರ ಬರೆಯುವವಳೂ ನಾನೇ.
ತಾಂತ್ರಿಕ ಕಾರಣ.

ಬೊಳ್ಳಿ ಬಂದದ್ದು ಅಂಥದೇ ಒಂದು ಶನಿವಾರ.
ಗೊರಬೆ ಮಡಚಲು ಬಾರದ್ದು, ವ್ಯಾನಿನ ಬಾಗಿಲಲ್ಲಿ ಸಿಕ್ಕಿಕೊಂಡಿತು.
ಸೆರಗಿನ ಗಂಟಿನಿಂದ ಪೈಸೆ ಒಂದೊಂದೇ ಎಣಿಸಿ ಕೊಟ್ಟಳು.
ಸೀಟು ಖಾಲಿಯಿದ್ದರೂ ನಿಂತೇ ಬಂದವಳು
ಅಣೆಕಟ್ಟಿನ ಮೇಲೆ ಕುಳಿತಳು,
ಕಲ್ಲನ್ನು ಅಂಗೈಯಿಂದ ತಟ್ಟಿದಳು,
ಎಮ್ಮೆಯ ಬೆನ್ನು ತಟ್ಟುವ ಹಾಗೆ.
ಎರಡು ಬೇಸಿಗೆ ಇದಕ್ಕೆ ಜಲ್ಲಿ ಹೊತ್ತಿದ್ದಳಂತೆ,
ಬುಟ್ಟಿಗೆ ಇಂತಿಷ್ಟೆಂದು.
ಎಷ್ಟೆಂದು ನಾನು ಕೇಳಲಿಲ್ಲ.

ಜೋರು ಮಳೆ. ಮಕ್ಕಳನ್ನು ಯಾರೂ ಕಳಿಸಿರಲಿಲ್ಲ.
ಕುಞ್ಞಂಬು ಸುತ್ತ ನೋಡಿ ಅವಳನ್ನೇ ಕರೆದ.
ಎಳೆದರೆ ಏನಾಗ್ತದೆ?
ಎಲ್ಲರ ಮನೆ ದೀಪ ಹೋಗಿ ಬರ್ತದೆ, ಅಜ್ಜಿ.
ಎಲ್ಲರದ್ದಾ?
ಎಲ್ಲರದ್ದು.
ನಮ್ಮ ಹಾಡಿಗೆ ಲೈನೇ ಇಲ್ಲವಲ್ಲ, ಎಂದಳು
ಚಿಲ್ಲರೆ ಕಡಿಮೆ ಬಂದಾಗ
ಅಂಗಡಿಯವನಿಗೆ ಹೇಳುವ ದನಿಯಲ್ಲಿ,
ಎಳೆದಳು.

ಒಂದು.
ಬಿಡಲಿಲ್ಲ.
ಊರಿನ ಹೊರೆ ಇಳಿದ ಯಂತ್ರ
ಹಗ್ಗ ಬಿಚ್ಚಿದ ಕರುವಿನಂತೆ ಓಡತೊಡಗಿತು.
ಕುಞ್ಞಂಬು ಕೈ ಚಾಚಿದ. ಚಾಚಿದ್ದು ಅಲ್ಲೇ ನಿಂತಿತು.
ಎಣಿಸುವುದು ನನ್ನ ಕೆಲಸವಲ್ಲವೆ, ಎಣಿಸಿದೆ.
ಏಳು, ಎಂಟು.
ಹದಿನೇಳರ ಬಳಿ ಮರೆತುಹೋಯಿತು.

ಆಮೇಲೆ, ನಿದ್ದೆಹೋದ ಕೂಸಿನ ತಲೆಯಡಿಯಿಂದ
ಕೈ ತೆಗೆಯುವಂತೆ, ಬಿಟ್ಟಳು.
ಹಿಡಿಕೆಗೆ ಹತ್ತಿದ ಒದ್ದೆಯನ್ನು
ಸೆರಗಿನಿಂದ ಒರೆಸಿದಳು.

ಒಂಬತ್ತು ಒಳಗೆ, ಒಂಬತ್ತು ಹೊರಗೆ.

ಸೋಮವಾರ ಮೇಜಿನ ಮೇಲೆ ದೂರು ಆರು.
ಲೇಖನಿ ಅದ್ದಿ
ತಾಂತ್ರಿಕ ಎಂದು ಬರೆದೆ.
ಮುಂದಿನ ಪದಕ್ಕೆ ಮೊದಲು
ಒಂದರಿಂದ ಎಣಿಸತೊಡಗಿದೆ.
ಹದಿನೇಳು ದಾಟಿತು. ಶಾಯಿ ಒಣಗಿತು.